ಒಂದು ಹಿಡಿ ನನ್ನಲ್ಲೇ ಇರಲಿ

ನಮ್ಮ ಊರಿನಲ್ಲಿ ಯಾರೂ ತಮ್ಮ ನೋವನ್ನು ಪೂರ್ತಿ ತಾವೊಬ್ಬರೇ ಹೊತ್ತು ಸತ್ತದ್ದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ನಾನು ಹೊರಗಿನಿಂದ ಮದುವೆಯಾಗಿ ಬಂದವಳು, ಎಂ.ಎಸ್ಸಿ. ಓದಿದವಳು. ಮೊದಮೊದಲು ನಾನೂ ನಂಬಿರಲಿಲ್ಲ. ಬಂದ ಮೂರನೇ ವಾರ ಪೇಟೆಯ ಕ್ಷೌರದಂಗಡಿಯವನು ಬಾಗಿಲು ಅರ್ಧ ಎಳೆದು, ಹೆಗಲ ಮೇಲೆ ಕೆಂಪಂಚಿನ ಒದ್ದೆ ಟವೆಲ್ ಹಾಕಿಕೊಂಡು, ಮೆಟ್ಟಿಲ ಮೇಲೆ ಹಲ್ಲು ಕಚ್ಚಿ ಕೂತಿದ್ದ. ಡಾಕ್ಟರ ಹತ್ತಿರ ಹೋಗಬಾರದೇ ಎಂದು ಕೇಳಿದೆ. ಅವನು ಬೆವರು ಒರೆಸಿಕೊಂಡು ನಕ್ಕ. "ನನ್ದಲ್ಲಮ್ಮ ಇದು, ಮೇಲಿನ ಬೀದಿ ಟೀಚರಮ್ಮನ ಸೊಂಟದ್ದು. ಹನ್ನೆರಡಕ್ಕೆ ನನ್ನ ಪಾಳಿ ಮುಗಿಯುತ್ತೆ. ನಿಮ್ಮನೆಯವರಿಗೆ ಕಟಿಂಗ್ ಬೇಕಾದ್ರೆ ಆಮೇಲೆ ಬರಕ್ಕೇಳಿ."

ಕಾಯಿಲೆಯನ್ನು ಯಾರಿಗೂ ಕೊಡಲಾಗುವುದಿಲ್ಲ. ಸಾವನ್ನೂ ಕೊಡಲಾಗುವುದಿಲ್ಲ. ನೋವನ್ನು ಕೊಡಬಹುದು. ಹೊರುವವರು ಒದ್ದೆ ಟವೆಲನ್ನು ನೋಯುವ ಜಾಗದ ಮೇಲೆ ಹಾಸಿ "ಕೊಡು" ಅನ್ನಬೇಕು, ಮಲಗಿದವರು "ತಗೋ" ಅನ್ನಬೇಕು. ತಗೋ ಅಂದರೆ ಟವೆಲ್ ಭಾರವಾಗುತ್ತದೆ. ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟರೆ ಪಾಳಿ ಮುಗಿಯುವವರೆಗೆ ಆ ನೋವು ಹೊತ್ತವರದು. ಆಮೇಲೆ ಬಾವಿಕಟ್ಟೆಯಲ್ಲಿ ಹಿಂಡಿ ಒಣಹಾಕಿದರೆ ಮುಗಿಯಿತು. ಅಷ್ಟರಲ್ಲಿ ಮಲಗಿದವರ ಮೈಯಲ್ಲಿ ಹೊಸದು ತುಂಬಿರುತ್ತದೆ, ಮುಂದಿನ ಪಾಳಿಯವರು ಬಾಗಿಲಿಗೆ ಬಂದಿರುತ್ತಾರೆ. ಟವೆಲ್ ಹೊತ್ತವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಅವರ ಜೊತೆ ಯಾರೂ ಜಗಳ ಆಡುವ ಹಾಗಿಲ್ಲ. ಅವರು ಗಾಡಿ ಓಡಿಸುವ ಹಾಗಿಲ್ಲ, ಹೆಣ್ಣು ನೋಡಲು ಹೋಗುವ ಹಾಗಿಲ್ಲ. ಹೊತ್ತಿದ್ದಾಗಲೇ ಮಲಗಿದವರು ತೀರಿಕೊಂಡರೆ ಆ ಹೆಗಲು ಜೋಮು ಹಿಡಿದು ಬದುಕಿಡೀ ಹಾಗೆಯೇ ಉಳಿಯುತ್ತದೆ. ಅಂಥವರನ್ನು ಕೊನೇ ಹೆಗಲಿನವರು ಅನ್ನುತ್ತಾರೆ. ಮದುವೆ ಊಟದಲ್ಲಿ ಮೊದಲ ಎಲೆ ಅವರಿಗೆ. ಸೇತುವೆ ದಾಟಿದರೆ ಇದು ಯಾವುದೂ ನಡೆಯುವುದಿಲ್ಲ. ಅಲ್ಲಿ ಟವೆಲ್ ಬರೀ ಟವೆಲ್.

ಮಲಗಿದವರಿಗೆ ಮಾತು ನಿಂತುಹೋದರೆ ಅವರ ಪರವಾಗಿ ತಗೋ ಅನ್ನಲು ಒಬ್ಬರು ಬೇಕು. ಅವರಿಗೆ ಬಾಯಿ ಎಂದು ಹೆಸರು. ತಾಯಿ ಬದುಕಿದ್ದರೆ ತಾಯಿಯೇ ಬಾಯಿ. ಬೇರೆಯವರನ್ನು ಮಾಡಬೇಕಾದರೆ ಮೂವರೆದುರು ತಾವೇ ಹೇಳಬೇಕು. ಬಾಯಿಯಾದವರು ಹೊರುವ ಹಾಗಿಲ್ಲ. ಎಷ್ಟು ಕೊಡಬೇಕೆಂದು ಹೇಳುವವರಿಗೆ ಅದರಲ್ಲಿ ಪಾಲಿರಬಾರದು ಎಂದು ಹಿರಿಯರು ಯಾವಾಗಲೋ ಮಾಡಿದ ಕಟ್ಟಳೆ. ಒಳ್ಳೆಯ ಕಟ್ಟಳೆಯೇ. ನನಗೆ ಅದು ಒಳ್ಳೆಯದಾಗಲಿಲ್ಲ, ಅಷ್ಟೆ.

ನನ್ನ ಗಂಡ ಪಾಲಾಕ್ಷ ಬಸ್ ನಿಲ್ದಾಣದ ಕಂಟ್ರೋಲರ್. ಮೈಕಿನಲ್ಲಿ ಗಾಡಿಗಳ ಹೆಸರು ಕೂಗುವುದು ಅವರ ಕೆಲಸ. ನಮ್ಮ ಮನೆ ನಿಲ್ದಾಣದ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ರಜೆಯ ದಿನ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿ, ಮಂಚ ನಡುಗುವುದರಲ್ಲೇ ಯಾವ ಗಾಡಿ ಬಂತೆಂದು ಹೇಳುತ್ತಿದ್ದರು. ಸೇತುವೆ ಗಾಡಿಗೆ ಕಾಲ ಕಡೆ ನಡುಗುತ್ತದಂತೆ, ಗುಡ್ಡದ ಗಾಡಿಗೆ ಬೆನ್ನಿನ ಕೆಳಗೆ. ಒಮ್ಮೆಯೂ ತಪ್ಪಿದ್ದಿಲ್ಲ. ಐದೂ ನಲವತ್ತಕ್ಕೆ ಗುಡ್ಡದ ಗಾಡಿ ಬಂದಾಗ, ಎಲ್ಲಿದ್ದರೂ, ಉಣ್ಣುತ್ತಿದ್ದರೂ, "ಪ್ಲಾಟ್‌ಫಾರ್ಮ್ ಮೂರು" ಎನ್ನುತ್ತಿದ್ದರು. ಮೂವತ್ತನಾಲ್ಕನೇ ವಯಸ್ಸಿಗೆ ಅವರ ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಸೇತುವೆಯಾಚೆ ದೊಡ್ಡಾಸ್ಪತ್ರೆಯಲ್ಲಿ ಎರಡು ಸಲ ತಿಂಗಳುಗಟ್ಟಲೆ ಇದ್ದು ಬಂದೆವು. ಎರಡನೇ ಸಲ ಅಲ್ಲಿಯ ಡಾಕ್ಟರು ಕನ್ನಡಕ ತೆಗೆದು, ಇನ್ನು ಗುಣ ಮಾಡುವ ಔಷಧಿ ನಮ್ಮ ಹತ್ತಿರ ಇಲ್ಲ, ನೋವು ಇಳಿಸುವುದು ಇದೆ, ಎಲ್ಲಿರಬೇಕು ಎನ್ನುವುದು ನಿಮ್ಮ ಇಷ್ಟ ಎಂದರು. ಒಳ್ಳೆಯ ಡಾಕ್ಟರು. ಪಾಲಾಕ್ಷ ಕೂಡಲೇ ಹೇಳಿದರು: "ಮಧ್ಯಾಹ್ನ ಒಂದೂಕಾಲಕ್ಕೆ ಒಂದು ಗಾಡಿ ಇದೆ ಸಾರ್."

ಮನೆಗೆ ಬಂದ ಮೇಲೆ ಮೆಹರಕ್ಕ ಬರಲು ಶುರು ಮಾಡಿದರು. ಅವರು ನರ್ಸು, ಓದಿದ್ದು ಸೇತುವೆಯ ಆಚೆ, ದುಡಿಯುವುದು ಈಚೆ. ಗುಣವಾಗದವರ ಮನೆಗಳಿಗೆ ಮಾತ್ರ ಹೋಗುತ್ತಾರೆ. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬಾಯಿ ಒಣಗದಂತೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಮಲ ಕಟ್ಟದಂತೆ ನೋಡಿಕೊಳ್ಳುವುದು, ಎಲ್ಲವನ್ನೂ ನನಗೆ ಕಲಿಸಿದರು. ಮಾರ್ಫಿನ್ ಗುಳಿಗೆ ನೋವನ್ನು ಅರ್ಧದಷ್ಟು ಇಳಿಸುತ್ತಿತ್ತು. ಉಳಿದ ಅರ್ಧ ಹೆಗಲುಗಳ ಪಾಲು. ಅದನ್ನು ಹಿಡಿಗಳಲ್ಲಿ ಅಳೆಯುತ್ತಾರೆ. ಮೆಹರಕ್ಕ ಅಂಗೈಯನ್ನು ಬೆನ್ನಿನ ಮೇಲೆ ಇಟ್ಟು, ಈ ಹೊತ್ತು ಎಂಟು ಹಿಡಿ, ಈ ಹೊತ್ತು ಒಂಬತ್ತು ಎಂದು ಹೇಳಿ, ಯಾರು ಎಷ್ಟು ಹೊರಬೇಕು ಎಂದು ಪಾಳಿ ಹಾಕುತ್ತಿದ್ದರು. ಡಿಪೋದವರು, ಹೂವಿನವರು, ಹೋಟೆಲಿನವರು, ಹೈಸ್ಕೂಲಿನ ಡ್ರಿಲ್ ಮೇಷ್ಟರು. ಐದು ತಿಂಗಳಲ್ಲಿ ಒಬ್ಬರೂ ಪಾಳಿ ತಪ್ಪಿಸಲಿಲ್ಲ. ಕಂಡಕ್ಟರ್ ಈರಬಸಪ್ಪ ಟವೆಲ್ ಹೊತ್ತೇ ಡ್ಯೂಟಿ ಮಾಡಿ, ಇಳಿಯುವವರಿಗೆ ಟಿಕೆಟ್ ಹರಿದು ಕೊಟ್ಟು ಹತ್ತುವವರಿಗೆ ಬೈದನಂತೆ. ಯಾರೂ ದೂರು ಕೊಡಲಿಲ್ಲ.

ಇಷ್ಟು ಒಳ್ಳೆಯವರು ಇದ್ದುದರಿಂದಲೇ ಆ ತಪ್ಪು ನಡೆಯಿತು. ಒಂದು ಭಾನುವಾರ ಮೆಹರಕ್ಕ ಔಷಧಿ ತರಲು ಸೇತುವೆಯಾಚೆ ಹೋಗಿದ್ದರು. ಡಿಪೋದ ಹನ್ನೊಂದು ಜನ ಒಟ್ಟಿಗೇ ಬಂದರು. ಇವತ್ತು ನಮ್ಮಣ್ಣಂಗೆ ಒಂದು ಚೂರೂ ಉಳಿಸಬಾರದು ಎಂದು ಮಾತಾಡಿಕೊಂಡೇ ಬಂದಿದ್ದರು. ಒಬ್ಬರಾದ ಮೇಲೊಬ್ಬರು ಟವೆಲ್ ಹಾಸಿದರು, ಪಾಲಾಕ್ಷ ತಗೋ ತಗೋ ಅನ್ನುತ್ತ ಹೋದರು. ಅತ್ತೆ ಹಾಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲ್ಲರಿಗೂ ಕಾಫಿ ಕೊಟ್ಟರು. ಡಿಪೋದವರು ಹೋದ ಮೇಲೆ ಪಾಲಾಕ್ಷರ ಮುಖ ಮದುವೆಯ ಫೋಟೋದಲ್ಲಿದ್ದ ಹಾಗೆ ಇತ್ತು. ನಾನು ಹಣೆಯ ಮೇಲೆ ಕೈ ಇಟ್ಟು ಕೂತೆ.

"ವಿನೂ, ನೀನು ಎಲ್ಲಿದ್ದೀಯಾ?"

"ಇಲ್ಲೇ ಇದ್ದೀನಲ್ಲ. ನಿಮ್ಮ ಹಣೆ ಮೇಲೆ ಕೈ ಇಟ್ಕೊಂಡು."

"ಗೊತ್ತಾಗ್ತಿಲ್ಲ."

ಕೆನ್ನೆ ಮುಟ್ಟಿದೆ. ಅಂಗೈ ಒತ್ತಿದೆ. ಗೊತ್ತಾಗಲಿಲ್ಲ. ಯಾರ ಮೈಯಿಂದಲೂ ಪೂರ್ತಿ ತೆಗೆದ ಉದಾಹರಣೆ ಊರಿನಲ್ಲಿ ಇರಲಿಲ್ಲ. ಯಾರಿಗೂ ಅಷ್ಟು ಹೆಗಲುಗಳು ಒಂದೇ ದಿನ ಬಂದಿರಲಿಲ್ಲ. ನೋವಿನ ಜೊತೆ ಎಲ್ಲವೂ ಹೋಗಿತ್ತು. ಬಿಸಿ ಕಾಫಿ ನಾಲಿಗೆ ಸುಟ್ಟದ್ದು ಅವರಿಗೆ ತಿಳಿಯಲಿಲ್ಲ, ಬೊಬ್ಬೆ ನೋಡಿ ನನಗೆ ತಿಳಿಯಿತು. ಐದೂ ನಲವತ್ತಕ್ಕೆ ಸ್ಟೂಲಿನ ಮೇಲಿನ ಲೋಟ ಕಿಣಿಕಿಣಿ ಅಂದಿತು. ಪಾಲಾಕ್ಷ ಲೋಟ ನೋಡಿದರು, ನನ್ನನ್ನು ನೋಡಿದರು.

"ಗುಡ್ಡದ ಗಾಡಿ ಬಂತಾ?" ಎಂದು ಕೇಳಿದರು.

ಅದುವರೆಗೆ ಅವರು ಅದನ್ನು ಯಾರನ್ನೂ ಕೇಳಿದವರಲ್ಲ. ಐದು ತಿಂಗಳಲ್ಲಿ ಅವರು ಹೆದರಿದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ. ಈರಬಸಪ್ಪನ ಮನೆಗೆ ಹೋಗಿ, ಟವೆಲ್ ಹಿಂಡಬೇಡಿ, ವಾಪಸ್ ತನ್ನಿ ಎಂದೆ. ಅವನು ಬಂದ. ಮುಖ ಊದಿಸಿಕೊಂಡೇ ಬಂದ.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಣ್ಣ ಯಾರಾದ್ರೂ? ನನ್ನ ಹೆಗಲಿಗೇನಾಗಿದೆ, ಹುಳ ಹಿಡಿದಿದೆಯಾ?"

"ನಿನ್ನ ಹೆಗಲು ಚೆನ್ನಾಗೇ ಇದೆ ಕಣೋ. ನನ್ನ ಮೈ ನಂಗೆ ಬೇಕು. ಒಂದು ಹಿಡಿ ಕೊಡು."

"ಊರೋರಿಗೆಲ್ಲ ಏನಂತ ಹೇಳ್ಲಿ ನಾನು?"

"ಕಂಟ್ರೋಲರ್ ಸೀಟು ರಿಸರ್ವ್ ಮಾಡ್ಕೊಂಡವ್ನೆ ಅಂತ ಹೇಳು. ಕೊಡೋ."

"ತಗೋ" ಎಂದ ಈರಬಸಪ್ಪ, ಅಳುತ್ತ. ಪಾಲಾಕ್ಷರ ಮುಖ ಕಿವುಚಿಕೊಂಡಿತು. ಆಮೇಲೆ ಅವರು ನನ್ನ ಕೈಬೆರಳು ಹುಡುಕಿ ಹಿಡಿದುಕೊಂಡರು. "ಹಾಂ, ಇದು" ಎಂದರು.

ಅತ್ತೆ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಹೆತ್ತವಳ ಎದುರಿಗೆ ಮಗ ನೋವನ್ನು ಕೇಳಿ ತೆಗೆದುಕೊಂಡ ಎನ್ನುವುದು ಅವರಿಗೆ ನುಂಗಲಾಗಲಿಲ್ಲ. ನಾಲ್ಕನೇ ದಿನ ನನ್ನ ಎದುರಿಗೇ ಮಗನಿಗೆ ಹೇಳಿದರು: "ಬಾಯಿ ನಾನು. ನಿನಗೆ ಮಾತು ನಿಂತ ದಿನ ಅಷ್ಟನ್ನೂ ಕೊಟ್ಟೇ ಕೊಡ್ತೀನಿ. ನೀನು ಹೀಗೆ ಹಲ್ಲು ಕಚ್ಕೊಂಡು ಹೋಗೋದು ನೋಡೋಕೆ ನಾನು ಬದುಕಿಲ್ಲ."

ಮರುದಿನ ಬೆಳಿಗ್ಗೆ ಪಾಲಾಕ್ಷ ಗಡ್ಡ ಮಾಡಿಸು ಎಂದರು. ಇಸ್ತ್ರಿ ಮಾಡಿದ ಖಾಕಿ ಷರಟು ಹಾಕಿಸು ಎಂದರು. ಡಿಪೋದ ನಾಲ್ಕು ಜನ ಕುರ್ಚಿಯ ಸಮೇತ ಅವರನ್ನು ಎತ್ತಿ ಕಂಟ್ರೋಲರ್ ಕೊಠಡಿಗೆ ಒಯ್ದರು. ಹತ್ತು ಗಂಟೆ, ನಿಲ್ದಾಣ ತುಂಬಿತ್ತು. ಮೂವರೆದುರು ಹೇಳಿದರೆ ಸಾಕಿತ್ತು. ಅವರು ಮೈಕ್ ಹತ್ತಿರ ಎಳೆದುಕೊಂಡರು.

"ಪ್ರಯಾಣಿಕರ ಗಮನಕ್ಕೆ. ನಾನು ಪಾಲಾಕ್ಷ, ಕಂಟ್ರೋಲರ್. ನನ್ನನ್ನು ಇನ್ನು ದೊಡ್ಡಾಸ್ಪತ್ರೆಗೆ ಒಯ್ಯಬಾರದು. ಮೂಗಿಗೆ ನಳಿಗೆ ಹಾಕಬಾರದು. ಹಿಂದಿನ ಗೋಡೆ ಪಕ್ಕದ ಮಂಚದಿಂದ ಕದಲಿಸಬಾರದು. ನೋವನ್ನು ಊರವರು ಹೊರಬೇಕು, ಒಂದು ಹಿಡಿ ನನ್ನಲ್ಲೇ ಇರಲಿ. ಗುಡ್ಡದ ಗಾಡಿ ಬಂದಾಗ ನಾನು ಪ್ಲಾಟ್‌ಫಾರ್ಮ್ ಹೇಳ್ತೀನಿ. ದನಿ ಹೋದ್ರೆ ತುಟಿ ಅಲ್ಲಾಡಿಸ್ತೀನಿ. ಎಂದು ತುಟಿ ಅಲ್ಲಾಡಲ್ವೋ, ಅಂದು ಆ ಹಿಡೀನೂ ಕೊಟ್ಟುಬಿಡಿ. ಮಾತು ನಿಂತ ಮೇಲೆ ನನ್ನ ಬಾಯಿ ನನ್ನ ಹೆಂಡತಿ ವಿನುತಾ." ಸ್ವಲ್ಪ ಉಸಿರು ತೆಗೆದುಕೊಂಡು, "ಹತ್ತೂ ಹತ್ತರ ಸೇತುವೆ ಗಾಡಿ ಪ್ಲಾಟ್‌ಫಾರ್ಮ್ ಒಂದು" ಎಂದರು.

ಯಾರೂ ಸೇತುವೆ ಗಾಡಿಗೆ ಓಡಲಿಲ್ಲ. ಎಲ್ಲರೂ ನಿಂತಲ್ಲೇ ನಿಂತಿದ್ದರು. ಕೊನೆಗೆ ಡ್ರೈವರ್ ಹಾರ್ನ್ ಹೊಡೆದ. ನನ್ನ ಬದುಕಿನಲ್ಲಿ ಅಷ್ಟು ತಲೆ ಎತ್ತಿಕೊಂಡು ನಿಂತದ್ದು ನನಗೆ ನೆನಪಿಲ್ಲ, ಘಟಿಕೋತ್ಸವದಲ್ಲಿ ಪದಕ ತೆಗೆದುಕೊಂಡಾಗಲೂ ಇಲ್ಲ.

ಮನೆಯಲ್ಲಿ ಅತ್ತೆ ಒಲೆಯ ಮುಂದೆ ಕೂತಿದ್ದರು. ಮೈಕಿನ ದನಿ ಅಡುಗೆಮನೆಗೂ ಕೇಳಿಸುತ್ತದೆ.

"ಬಾಯಿ ಕಿತ್ಕೊಂಡ. ಸಂತೋಷ. ಇನ್ನು ಹೆಗಲೂ ಕೊಡಲ್ಲ ನಾನು" ಎಂದರು.

"ಅವ್ವಾ, ಬಾಯಿ ಹೋದ್ರೆ ನೀನು ಹೊರಬಹುದಲ್ಲ" ಎಂದರು ಪಾಲಾಕ್ಷ.

"ಹೊರಲ್ಲ. ಒಂದೇ ಒಂದು ಪಾಳೀನೂ ಹೊರಲ್ಲ. ನಿಂಗೆ ಓದಿದ ಹೆಂಡ್ತಿ ಇದ್ದಾಳಲ್ಲ, ಊರಿದೆಯಲ್ಲ."

ಮಾತಿನಂತೆ ಹೊರಲಿಲ್ಲ. ತೆಳ್ಳಗೆ ಗಂಜಿ ಕಾಯಿಸಿದರು, ಬಟ್ಟೆ ಒಗೆದರು, ಬೆನ್ನಿಗೆ ಪೌಡರ್ ಹಾಕಿದರು. ಟವೆಲ್ ಮುಟ್ಟಲಿಲ್ಲ. ಗೂಟದಲ್ಲಿ ಅವರ ಹೆಸರಿನ ಕೆಂಪಂಚಿನ ಟವೆಲ್ ಮಡಿಕೆ ಬಿಚ್ಚದೆ ತೂಗುತ್ತಿತ್ತು. ನನಗೆ ಅದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಹೊರಬಹುದಾದವರು ಹೊರುತ್ತಿರಲಿಲ್ಲ. ನಾನು ಹೊರುವ ಹಾಗಿರಲಿಲ್ಲ. ಹೂವಿನ ಅಂಗಡಿಯವಳು ಅವರ ಬೆನ್ನಿನ ನೋವು ಹೊತ್ತು ನನ್ನೆದುರು ಹಾದುಹೋದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮಳೆಗಾಲ ಕಳೆದು ಬಿಸಿಲು ಬಂದ ವಾರ ಅವರ ಮಾತು ನಿಂತಿತು. ಗಂಜಿ ನಿಂತಿತು. ಮೆಹರಕ್ಕ ಗುಳಿಗೆ ಬಿಟ್ಟು ನಾಲಿಗೆಯ ಕೆಳಗೆ ಹನಿ ಹಾಕಲು ಶುರು ಮಾಡಿದರು. ಗಂಟಲು ಗೊರಗೊರ ಅಂದರೆ ಹೆದರಬೇಡ, ಮಗ್ಗುಲಾಗಿ ಮಲಗಿಸು, ನೀರು ಹಾಕಬೇಡ ಎಂದರು. ಇನ್ನು ಎಷ್ಟು ದಿನ ಎಂದು ಕೇಳಿದೆ. "ಕೈಬೆರಳಲ್ಲಿ ಎಣಿಸೋವಷ್ಟು" ಎಂದರು. ಅವರು ಸುಳ್ಳು ಹೇಳುವುದಿಲ್ಲ. ಎಣಿಸುವುದನ್ನು ನಾನು ಶುರು ಮಾಡಲಿಲ್ಲ.

ಪಾಳಿಯವರು ಬರುತ್ತಿದ್ದರು. ಕೊಡು ಎಂದು ಅವರು ಹಾಸುತ್ತಿದ್ದರು, ತಗೋ ಎಂದು ನಾನು ಹೇಳುತ್ತಿದ್ದೆ. ಮೆಹರಕ್ಕ ಅಂಗೈ ಇಟ್ಟು, ಸಾಕು, ಒಂದು ಹಿಡಿ ಉಳಿದಿದೆ ಎಂದ ಕೂಡಲೇ ನಿಲ್ಲಿಸುತ್ತಿದ್ದೆ. ಆದರೆ ಅವರ ಮೈ ಸೋತಿತ್ತು. ಗಟ್ಟಿ ಮೈಯಲ್ಲಿ ಒಂದು ಹಿಡಿ ಕೂತಿದ್ದುದೇ ಬೇರೆ, ಈಗ ಕೂತಿರುವುದೇ ಬೇರೆ. ಅವರು ನರಳುತ್ತಿದ್ದರು. ಜೋರಾಗಿ ಅಲ್ಲ. ಉಸಿರು ಬಿಟ್ಟಾಗಲೆಲ್ಲ ಒಂದು ಸಣ್ಣ ದನಿ.

ಎರಡನೇ ದಿನ ಸಂಜೆ ಅಂಗಳದಲ್ಲಿ ಈರಬಸಪ್ಪ ಮತ್ತಿಬ್ಬರು ಟವೆಲ್ ನೆನೆಸಿಕೊಂಡು ನಿಂತಿದ್ದರು. ಅತ್ತೆ ಮಂಚದ ಕಾಲ ಕಡೆ, ನಾನು ತಲೆಯ ಕಡೆ, ಮೆಹರಕ್ಕ ಗೋಡೆಗೆ ಒರಗಿಕೊಂಡು. ಲೋಟ ಕಿಣಿಕಿಣಿ ಅಂದಿತು. ನಾನು ತುಟಿ ನೋಡಿದೆ. ಕೆಳತುಟಿ ಸ್ವಲ್ಪ ಮುಂದೆ ಬಂತು. ಎರಡೂ ತುಟಿ ದುಂಡಗಾದವು. ಮೂರು ಎನ್ನುವುದರ ಅರ್ಧ.

"ಇಲ್ಲ, ಅಲ್ಲಾಡಲಿಲ್ಲ" ಎಂದರು ಅತ್ತೆ. "ಮುಗೀತು. ಕೊಡು ವಿನುತಾ. ಈರಬಸಪ್ಪ, ಬಾರೋ ಒಳಗೆ."

"ಅಲ್ಲಾಡ್ತು ಅತ್ತೆ."

"ಎಲ್ಲಿ ಅಲ್ಲಾಡ್ತು? ನಂಗೂ ಕಣ್ಣಿದೆ. ಉಸಿರು ಬಿಟ್ಟಿದ್ದಕ್ಕೆ ತುಟಿ ಮುಂದೆ ಬಂದಿದ್ದು ಅದು."

"ಮೂರು ಅಂದ್ರು."

"ಮೆಹರೂ, ನೀನಾದ್ರೂ ಹೇಳೇ."

ಮೆಹರಕ್ಕ ಗೋಡೆ ಬಿಟ್ಟು ಕದಲಲಿಲ್ಲ. "ನಾನು ಅಳತೆಯವಳು ಹಾಲಮ್ಮಕ್ಕ. ಬಾಯಿ ಅವಳು."

ಅತ್ತೆ ನನ್ನ ಕಡೆ ತಿರುಗಿದರು. "ನೀನು ಓದಿದ್ದು ಜಾಸ್ತಿಯಾಯ್ತು ಕಣೇ. ಕೇಳಿಸ್ತಿಲ್ವಾ ಅವನ ದನಿ? ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ, ಈ ದನಿ ಹೊಟ್ಟೇಲಿ ಎಲ್ಲಿ ಹೊಕ್ಕುತ್ತೆ ಅಂತ."

ಅಂಗಳದಲ್ಲಿದ್ದವರು ತಲೆ ತಗ್ಗಿಸಿದರು. ನಾನು "ಇವತ್ತು ಕೊಡಲ್ಲ" ಎಂದೆ. ಅಷ್ಟು ಹೇಳಲು ಎಲ್ಲಿಂದ ಧೈರ್ಯ ಬಂತು ಎಂದು ಆಮೇಲೆ ಕೆಲವರು ಕೇಳಿದರು. ಅದು ಧೈರ್ಯವಾಗಿರಲಿಲ್ಲ. ನೋಡಿದ್ದನ್ನು ನೋಡಿದೆ ಅಂದೆ. ಆದರೂ ಮಲಗಿದ ಮೇಲೆ ಅನುಮಾನ ಬಂತು. ಅವರನ್ನು ಕಳಿಸಲು ಮನಸ್ಸಿಲ್ಲದೆ ನಾನೇ ಆ ತುಟಿಯಲ್ಲಿ ಮೂರನ್ನು ಓದಿಕೊಂಡೆನೇ? ನನ್ನ ಆಸೆಗಾಗಿ ಅವರನ್ನು ನರಳಿಸುತ್ತಿದ್ದೇನೆಯೇ?

ಬೆಳಿಗ್ಗೆ ಅತ್ತೆ ಪಾತ್ರೆ ತೊಳೆದು ಬಂದವರು, ಹೊದಿಕೆ ಸರಿದಿದೆ ಎಂದು ಸರಿ ಮಾಡಲು ಹೋದರು. ತಣ್ಣಗಿದ್ದ ಒದ್ದೆ ಕೈ ಮಗನ ಅಂಗಾಲಿಗೆ ತಗುಲಿತು. ಪಾಲಾಕ್ಷರ ಕಾಲ್ಬೆರಳು ಮಡಿಸಿಕೊಂಡವು. ಕಾಲು ಹಿಂದಕ್ಕೆ ಹೋಯಿತು. ಅತ್ತೆ ನಿಂತರು. ಮತ್ತೆ ಒಂದು ಬೆರಳಿನಿಂದ ಅಂಗಾಲು ಮುಟ್ಟಿದರು. ಮತ್ತೆ ಕಾಲ್ಬೆರಳು ಮಡಿಸಿಕೊಂಡವು, ಮುಖದ ಒಂದು ಪಕ್ಕ ಎಳೆಯಿತು. ನಗುವಿನಷ್ಟು ಅಲ್ಲ, ಆದರೆ ಆ ಕಡೆಯದೇ.

"ಎಣ್ಣೆ ನೀರು ಹಾಕೋವಾಗ ಹಿಂಗೇ ಮಾಡ್ತಿದ್ದ" ಎಂದರು ಅತ್ತೆ, ಯಾರಿಗೂ ಅಲ್ಲ. "ಅಂಗಾಲು ಮುಟ್ಟೋಕೆ ಬಿಡ್ತಿರಲಿಲ್ಲ. ಇಡೀ ಬಚ್ಚಲೆಲ್ಲ ಒದ್ದು ನೀರು ಮಾಡೋನು."

ಆ ಇಡೀ ದಿನ ಅವರು ಮಂಚದ ಕೆಳತುದಿ ಬಿಟ್ಟು ಏಳಲಿಲ್ಲ. ಮಗನ ಪಾದ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಕಾಫಿ ತಂದುಕೊಟ್ಟರೆ ಎಡಗೈಯಲ್ಲಿ ಕುಡಿದರು. ಬಲಗೈ ತೆಗೆಯಲಿಲ್ಲ. ನಡುವೆ ಒಮ್ಮೆ, "ಅವನಿಗೆ ಗೊತ್ತಾಗ್ತಿದೆ, ನಾನು ಅಂತ" ಎಂದರು. ಹೌದು ಅತ್ತೆ ಎಂದೆ. ನಿನ್ನೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆಯ ಹೊತ್ತಿಗೆ ಉಸಿರು ದೂರ ದೂರವಾಯಿತು. ನರಳುವ ದನಿ ಹಾಗೆಯೇ ಇತ್ತು, ಉಸಿರಿಗಿಂತ ದೊಡ್ಡದಾಗಿ. ಐದೂ ನಲವತ್ತಾಯಿತು. ಗುಡ್ಡದ ಗಾಡಿ ಬರಲಿಲ್ಲ. ಗುಡ್ಡದಲ್ಲಿ ಟೈರ್ ಪಂಕ್ಚರ್ ಎಂದು ಅಂಗಳದಿಂದ ಈರಬಸಪ್ಪ ಮೆಲ್ಲಗೆ ಹೇಳಿದ. ಐದೂವರೆಯಿಂದ ಅಂಗಳ ತುಂಬಿತ್ತು. ಹತ್ತು ಟವೆಲ್, ಹದಿನೈದು ಟವೆಲ್, ಎಲ್ಲವೂ ನೀರು ತೊಟ್ಟಿಕ್ಕುತ್ತ. ಆರೂ ಐದಕ್ಕೆ ಲೋಟ ಕಿಣಿಕಿಣಿ ಅಂದಿತು. ಮಂಚ ನಡುಗಿತು. ಅಂಗೈಯನ್ನು ಹಾಸಿಗೆಗೆ ಒತ್ತಿಕೊಂಡಿದ್ದ ನನಗೂ ಅದು ತಿಳಿಯಿತು, ಬೆನ್ನಿನ ಕೆಳಗೆ, ಅವರು ಹೇಳುತ್ತಿದ್ದ ಜಾಗದಲ್ಲೇ.

ತುಟಿ ಅಲ್ಲಾಡಲಿಲ್ಲ.

ಗಾಡಿ ನಿಲ್ಲುವವರೆಗೆ ಕಾದೆ. ಇಂಜಿನ್ ಆರುವವರೆಗೆ ಕಾದೆ. ಅಲ್ಲಾಡಲಿಲ್ಲ.

"ಅಲ್ಲಾಡ್ತು" ಎಂದರು ಅತ್ತೆ. "ನಾನು ನೋಡ್ದೆ. ಮೂರು ಅಂದ. ಇವತ್ತು ಬೇಡ ವಿನುತಾ. ನಾಳೆ ನೋಡೋಣ."

ಅವರ ಕೈ ಪಾದದ ಮೇಲೆ ಇತ್ತು. ಕೊಟ್ಟುಬಿಟ್ಟರೆ ಆ ಕೈ ಮಗನಿಗೆ ಇನ್ನು ತಿಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನನ್ನ ಕೈಯೂ ತಿಳಿಯುವುದಿಲ್ಲ. ಆಯಿತು ಅತ್ತೆ, ನಾಳೆ ನೋಡೋಣ ಎಂದು ಹೇಳಿಬಿಡಬಹುದಿತ್ತು. ನಮ್ಮಿಬ್ಬರಿಗೂ ಅದೇ ಬೇಕಿತ್ತು. ಮೆಹರಕ್ಕ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಅತ್ತೆ" ಎಂದೆ. "ಅಲ್ಲಾಡಲಿಲ್ಲ."

"ಅಲ್ಲಾಡ್ತು ಕಣೇ."

"ಅಲ್ಲಾಡಲಿಲ್ಲ ಅತ್ತೆ. ಅವರು ಹೇಳಿದ್ದು ಇದೇ. ಊರಿಗೆಲ್ಲ ಕೇಳೋ ಹಾಗೆ ಹೇಳಿದ್ರು."

ಅತ್ತೆ ಮಗನ ಪಾದವನ್ನು ಮಡಿಲಿನಿಂದ ತೆಗೆದು ಹಾಸಿಗೆಯ ಮೇಲಿಟ್ಟು ಎದ್ದರು. ಗೂಟದಲ್ಲಿದ್ದ ತಮ್ಮ ಟವೆಲ್ ತೆಗೆದರು. ಮಡಿಕೆ ಬಿಚ್ಚಿ ಬಕೆಟ್ಟಿನಲ್ಲಿ ಅದ್ದಿದರು. ಒಳಗೆ ಬರಲಿದ್ದ ಈರಬಸಪ್ಪನಿಗೆ, "ನೀನು ನಿಲ್ಲೋ ಅಲ್ಲೇ. ಐದು ತಿಂಗಳು ಹೊತ್ತಿದ್ದೀಯ, ಸಾಕು" ಎಂದರು. ಮಗನನ್ನು ಮಗ್ಗುಲಿಗೆ ತಿರುಗಿಸಲು ನಾನೂ ಮೆಹರಕ್ಕನೂ ಕೈ ಕೊಟ್ಟೆವು. ಅತ್ತೆ ಟವೆಲನ್ನು ಬೆನ್ನಿನ ಮೇಲೆ ಹಾಸಿದರು.

"ಕೊಡು" ಎಂದರು. ಕೇಳಿದ್ದು ಮಗನನ್ನು. ಕಣ್ಣು ನನ್ನ ಮೇಲಿತ್ತು.

"ತಗೊಳ್ಳಿ" ಎಂದೆ.

ಅವರು ಟವೆಲ್ ಎತ್ತುವಾಗ ಎರಡೂ ಕೈ ಬೇಕಾಯಿತು. ಹೆಗಲಿಗೆ ಹಾಕಿಕೊಂಡರು. ಗೋಡೆ ಹಿಡಿದುಕೊಂಡರು. "ಅಯ್ಯೋ ನನ್ನಪ್ಪ, ಇಷ್ಟಿತ್ತಾ ಇದು" ಎಂದರು, ಒಂದೇ ಸಲ. ನರಳುವ ದನಿ ನಿಂತಿತ್ತು. ಪಾಲಾಕ್ಷರ ಹುಬ್ಬು ಬಿಚ್ಚಿಕೊಂಡಿತು. ಏಳೂಕಾಲಕ್ಕೆ, ಅಂಗಳದಲ್ಲಿ ಅಷ್ಟೂ ಜನ ನಿಂತಿರುವಾಗಲೇ, ಒಂದು ಉಸಿರು ಹೋಯಿತು. ಮುಂದಿನದು ಬರಲಿಲ್ಲ. ಅತ್ತೆ ತಮ್ಮ ಎಡ ಹೆಗಲನ್ನು ಮುಟ್ಟಿ ನೋಡಿಕೊಂಡರು. ಅದರಿಂದಲೇ ನಮಗೆ ಗೊತ್ತಾಯಿತು.

ಈಗ ವರ್ಷವಾಯಿತು. ಪಾಲಾಕ್ಷರ ಕೆಲಸವನ್ನು ಡಿಪೋದವರು ನನಗೆ ಕೊಟ್ಟಿದ್ದಾರೆ. ಕಂಟ್ರೋಲರ್ ಕೊಠಡಿಯಲ್ಲಿ ಕೂತು ಗಾಡಿಗಳನ್ನು ಕೂಗುತ್ತೇನೆ. ನನ್ನ ದನಿ ಒಣಗಿದೆ, ಗಡಿಯಾರ ಮಾತಾಡಿದ ಹಾಗಿದೆ ಎಂದು ಜನ ಹೇಳುತ್ತಾರಂತೆ. ಇರಬಹುದು. ನನ್ನ ಹೆಗಲಿಗೆ ಎಲ್ಲವೂ ತಿಳಿಯುತ್ತದೆ: ಬಿಸಿ, ತಣ್ಣಗೆ, ಸೊಳ್ಳೆ. ಜೋಮು ಹಿಡಿದದ್ದು ಬೇರೆಲ್ಲೋ. ಎಲ್ಲಿ ಎಂದು ತೋರಿಸು ಅಂದರೆ ಬೆರಳಿಡಲು ನನಗಾಗುವುದಿಲ್ಲ. ಅತ್ತೆಗೆ ತೋರಿಸಲು ಜಾಗವಿದೆ. ಮದುವೆ ಮನೆಗಳಲ್ಲಿ ಮೊದಲ ಎಲೆಗೆ ಕೂರುವಾಗ ಸೆರಗನ್ನು ಆ ಹೆಗಲ ಮೇಲೆ ನೀಟಾಗಿ ಹರಡಿಕೊಳ್ಳುತ್ತಾರೆ. ಒಲೆಯ ಹತ್ತಿರ ಒಮ್ಮೆ ಸೌದೆಯ ಕೆಂಡ ಸಿಡಿದು ರವಿಕೆ ಸುಟ್ಟರೂ ಗೊತ್ತಾಗದೆ, ನಾನು ಓಡಿ ಬಂದು ಆರಿಸಿದೆ. "ನನ್ನ ಮಗ ಇಟ್ಟ ಜಾಗ, ಅದಕ್ಕೇನಾಗುತ್ತೆ ಬಿಡು" ಎಂದರು.

ಮೊನ್ನೆ ಮೊನ್ನೆ ಸಂಜೆ ಐದೂ ಮೂವತ್ತೈದಕ್ಕೆ ಅತ್ತೆ ಕೊಠಡಿಯ ಬಾಗಿಲಿಗೆ ಬಂದು ನಿಂತರು. ಹೊಸ ಸೀರೆ ಉಟ್ಟಿದ್ದರು. ಹಿಂದೆ ಮೆಹರಕ್ಕ, ಈರಬಸಪ್ಪ, ಹೂವಿನ ಅಂಗಡಿಯವಳು.

"ಏನತ್ತೆ, ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ. ಅದನ್ನ ಇತ್ಲಾಗೆ ತಿರುಗಿಸು" ಎಂದು ಮೈಕ್ ತೋರಿಸಿದರು.

"ಏನಾಯ್ತು, ಹುಷಾರಿಲ್ವಾ?"

"ಗುಂಡುಕಲ್ಲಿನ ಹಾಗಿದ್ದೀನಿ. ಹುಷಾರಿರೋವಾಗಲೇ ಹೇಳ್ಬೇಕು ಅಂತ ಮೆಹರು ಹೇಳಿದ್ಲು. ತಿರುಗಿಸೇ."

ತಿರುಗಿಸಿದೆ. ಅವರು ಮೈಕಿಗೆ ಬಾಯಿ ತೀರಾ ಹತ್ತಿರ ಇಟ್ಟದ್ದರಿಂದ ನಿಲ್ದಾಣವೆಲ್ಲ ಒಮ್ಮೆ ಕಿರ್ರ್ ಎಂದಿತು. ಮಲಗಿದ್ದ ನಾಯಿ ಎದ್ದು ನಿಂತಿತು.

"ನಾನು ಹಾಲಮ್ಮ, ಪಾಲಾಕ್ಷನ ತಾಯಿ. ಎಲ್ರೂ ಕೇಳಿಸ್ಕೊಳ್ಳಿ. ನಾನು ನನ್ನ ಮಗನ ಹಾಗೆ ಗಟ್ಟಿಗಿತ್ತಿ ಅಲ್ಲ. ನಂಗೆ ಒಂದು ಹಿಡೀನೂ ಬೇಡ, ಅರ್ಧ ಹಿಡೀನೂ ಬೇಡ. ಮೊದಲ ದಿನಾನೇ ಅಷ್ಟೂ ಹೊತ್ಕೊಂಡು ಹೋಗಿಬಿಡಿ. ಯಾರು ಮುಟ್ಟಿದ್ರೂ ಗೊತ್ತಾಗದಿದ್ರೆ ಹೋಗ್ಲಿ, ನಂಗೆ ಕಣ್ಣಿದೆ, ನೋಡ್ಕೋತೀನಿ. ದೊಡ್ಡಾಸ್ಪತ್ರೆಗೆ ಬೇಕಾದ್ರೆ ಒಂದು ಸಲ ಹೋಗಿ ಬರ್ತೀನಿ, ಆ ಕನ್ನಡಕದ ಡಾಕ್ಟರು ಒಳ್ಳೆಯವರಂತೆ. ಆಮೇಲೆ ಮನೆಗೇ ಕರ್ಕೊಂಡು ಬರ್ಬೇಕು. ಕೊನೇವರೆಗೂ ತುಟಿಗೆ ಕಾಫಿ ಒರೆಸ್ಬೇಕು, ನೀರಲ್ಲ." ಈರಬಸಪ್ಪ ನಕ್ಕ. ಅವನನ್ನು ಗುರಾಯಿಸಿ ಮತ್ತೆ ಮೈಕಿಗೆ ತಿರುಗಿದರು. "ಮಾತು ನಿಂತ ಮೇಲೆ ನನ್ನ ಬಾಯಿ ನನ್ನ ಸೊಸೆ ವಿನುತಾ. ಅವಳು ನೋಡದೇ ಇರೋದನ್ನ ನೋಡ್ದೆ ಅನ್ನಲ್ಲ. ನಾನಂದಿದ್ದೆ, ಅವಳು ಅನ್ನಲಿಲ್ಲ."

ಇಷ್ಟು ಹೇಳಿ ಮೈಕನ್ನು ನನ್ನ ಕಡೆ ತಳ್ಳಿದರು. ನನ್ನೊಳಗೆ, ವರ್ಷದಿಂದ ಏನೂ ತಿಳಿಯದಿದ್ದ ಕಡೆ, ಒಂದು ಹಿಡಿಯಷ್ಟು ನೋಯಿತು. ಯಾರೂ ತೆಗೆದುಕೊಳ್ಳುವುದು ಬೇಡ ಅನ್ನಿಸಿತು.

"ಗಾಡಿ ಬಂತು, ಕೂಗೇ" ಎಂದರು ಅತ್ತೆ.

ಕಾಲ ಕೆಳಗಿನ ನೆಲ ನಡುಗುತ್ತಿತ್ತು. "ಗುಡ್ಡದ ಗಾಡಿ" ಎಂದೆ. ನನ್ನ ಕೆಳತುಟಿ ಸ್ವಲ್ಪ ಮುಂದೆ ಬಂತು, ಎರಡೂ ತುಟಿ ದುಂಡಗಾದವು. "ಪ್ಲಾಟ್‌ಫಾರ್ಮ್ ಮೂರು."